ಹೊಸ ಕನ್ಸೋಲ್ ಇನ್ನು ಅಂಗಡಿಯಲ್ಲಿ ಇಡುವುದಿಲ್ಲ, ಯಾಕೆ ಅಂದರೆ...

ನಮಸ್ಕಾರ,

ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ರಾಜಾಜಿನಗರದ ಅಂಗಡಿಯಲ್ಲಿ ಹೊಸ ಕನ್ಸೋಲ್ (ಟಿವಿಗೆ ಹಾಕಿ ಗೇಮ್ ಆಡುವ ಡಬ್ಬ) ಸ್ಟಾಕ್ ಇರುವುದಿಲ್ಲ. ಬೇಕು ಅಂದವರಿಗೆ ಅಡ್ವಾನ್ಸ್ ತಗೊಂಡು ತರಿಸಿಕೊಡುತ್ತೇವೆ. ಮುಂದುಗಡೆಯ ಗಾಜಿನ ಕಪಾಟು ತೆಗೆದು ಅಲ್ಲಿ ರಿಪೇರಿ ಟೇಬಲ್ ಹಾಕುತ್ತಿದ್ದೇವೆ. ಸೆಕೆಂಡ್ ಹ್ಯಾಂಡ್ ಗೇಮ್ ಡಿಸ್ಕ್, ಎಕ್ಸ್‌ಚೇಂಜ್, ಬಾಡಿಗೆ ಎಲ್ಲ ಹಾಗೇ ಇರುತ್ತದೆ. ಅಂಗಡಿ ಮುಚ್ಚುತ್ತಿಲ್ಲ, ಆಗಲೇ ಮೂರ್ನಾಲ್ಕು ಜನ ಕೇಳಿದ್ದಾರೆ.

ಮೊದಲು ಈ ವ್ಯಾಪಾರದ ಲೆಕ್ಕವೇ ಬೇರೆ ಇತ್ತು. ಕಂಪನಿಯವರು ಡಬ್ಬವನ್ನು ಅಸಲಿಗೋ ನಷ್ಟಕ್ಕೋ ಮಾರಿ, ಆಮೇಲೆ ಒಂದೊಂದು ಗೇಮ್‌ನಲ್ಲೂ ತಮ್ಮ ಪಾಲು ತಗೊಂಡು ಸರಿದೂಗಿಸುತ್ತಿದ್ದರು. ವರ್ಷ ಕಳೆದಂತೆ ಒಳಗಿನ ಚಿಪ್ ಅಗ್ಗವಾಗುತ್ತಿತ್ತು, ಡಬ್ಬದ ಬೆಲೆಯೂ ಇಳಿಯುತ್ತಿತ್ತು. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್‌ಗೆ ಬಂದ ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಕನ್ಸೋಲ್, 2009ರ ಹೊತ್ತಿಗೆ 99 ಡಾಲರ್ ಆಗಿತ್ತು. ನಮ್ಮದೂ ಅದೇ ದಾರಿ: ಕನ್ಸೋಲ್‌ನಲ್ಲಿ ಕಾಫಿ ಕಾಸು, ಹೊಟ್ಟೆ ತುಂಬಿಸಿದ್ದು ಡಿಸ್ಕ್. "ಸ್ವಲ್ಪ ಕಾಯಿರಿ, ರೇಟ್ ಇಳಿಯುತ್ತೆ" ಅಂತ ನಾವೇ ಎಷ್ಟೋ ಜನಕ್ಕೆ ಹೇಳಿದ್ದೇವೆ.

ಆ ಮಾತು ಈಗ ವಾಪಸ್ ತಗೊಳ್ಳುತ್ತಿದ್ದೇವೆ. ಪ್ಲೇಸ್ಟೇಷನ್ 5 ನಮ್ಮಲ್ಲಿಗೆ ಬಂದದ್ದು 2021ರ ಫೆಬ್ರವರಿಯಲ್ಲಿ, 49,990 ರೂಪಾಯಿಗೆ. ಮರುವರ್ಷವೇ 54,990 ಆಯಿತು. ಅಮೆರಿಕದಲ್ಲೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದರು. ಮೈಕ್ರೋಸಾಫ್ಟ್ ಅಂತೂ ಅದೇ ವರ್ಷ ಎರಡು ಸಲ ಏರಿಸಿ, 499 ಡಾಲರ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅನ್ನು 650ಕ್ಕೆ ತಂದು ನಿಲ್ಲಿಸಿತು. ಹಳೇ ಮಾಲು, ಜಾಸ್ತಿ ರೇಟ್! ಚಿಪ್ ಮೊದಲಿನ ಹಾಗೆ ಅಗ್ಗವಾಗುತ್ತಿಲ್ಲ, ಅಮೆರಿಕದ ಸುಂಕ ಬೇರೆ, ಅದರ ಮೇಲೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಂಡು ಹೋಗುತ್ತಿವೆ.

ಇನ್ನೊಂದು ಕಡೆ, ಡಬ್ಬಕ್ಕಿಂತ ಗೇಮ್ ಮಾರುವುದೇ ಮುಖ್ಯ ಆಗಿಬಿಟ್ಟಿದೆ. ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನೋ ಗೇಮ್ ಕಂಪನಿ ಕೊಳ್ಳಲು ಸುಮಾರು 6,900 ಕೋಟಿ ಡಾಲರ್ ಸುರಿದ ಮೈಕ್ರೋಸಾಫ್ಟ್ ಈಗ ತನ್ನ ಕಾರ್ ರೇಸ್ ಗೇಮ್ ಫೋರ್ಝಾ ಹೊರೈಝನ್ 5 ಅನ್ನು ಪ್ಲೇಸ್ಟೇಷನ್‌ಗೂ ಕೊಟ್ಟಿದೆ, ಸೋನಿ ತನ್ನ ಗಾಡ್ ಆಫ್ ವಾರ್ ಗೇಮ್ ಅನ್ನು 2022ರಲ್ಲೇ ಪಿಸಿಗೆ ತಂದಿತು. ಹಾಗಾದರೆ ಒಂದೇ ಗೇಮ್‌ಗೋಸ್ಕರ ಡಬ್ಬ ಯಾಕೆ ಕೊಳ್ಳಬೇಕು ಅಂತ ಕಾಲೇಜು ಹುಡುಗರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ, ನಮಗೆ ಉತ್ತರ ಹೊಳೆಯುವುದಿಲ್ಲ.

ನಮ್ಮ ಕಥೆಯನ್ನೂ ಹೇಳಬೇಕಲ್ವಾ. ಹೋದ ದೀಪಾವಳಿಗೆ ಸಾಲ ಮಾಡಿ ಆರು ಕನ್ಸೋಲ್ ತರಿಸಿದೆವು. ವಾರ ಕಳೆಯುವುದರೊಳಗೆ ಆನ್‌ಲೈನ್ ಸೇಲ್‌ನಲ್ಲಿ ಅದೇ ಮಾಡೆಲ್ ನಮ್ಮ ಖರೀದಿ ರೇಟಿಗಿಂತ ಕಮ್ಮಿಗೆ ಬಂತು. ಆರರಲ್ಲಿ ಎರಡು ಕನ್ಸೋಲ್, ಸಂಕ್ರಾಂತಿವರೆಗೂ ಕಪಾಟಿನಲ್ಲೇ ಕೂತಿದ್ದವು, ಕೊನೆಗೆ ನಷ್ಟಕ್ಕೆ ಕೊಟ್ಟೆವು, ಬಡ್ಡಿ ಇನ್ನೂ ಕಟ್ಟುತ್ತಿದ್ದೇವೆ.

ಆರ್ಡರ್ ಮಾಡುವವರು 5,000 ಅಡ್ವಾನ್ಸ್ ಕೊಟ್ಟರೆ ಸಾಕು. ಅವತ್ತಿನ ರೇಟ್ ಚೀಟಿಯಲ್ಲಿ ಬರೆದುಕೊಡುತ್ತೇವೆ. ಮಾಲು ಬರುವಷ್ಟರಲ್ಲಿ ಏರಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್, ಇಲ್ಲ ಹೊಸ ರೇಟಿಗೆ ತಗೊಳ್ಳಿ, ನಿಮ್ಮಿಷ್ಟ. ಒಂದು ಮಾತು ಮಾತ್ರ ಕೇಳಿ: ಆಡಿ ಮುಗಿಸಿ ಮಾರುವ ಅಭ್ಯಾಸ ಇದ್ದರೆ ಡಿಸ್ಕ್ ಹಾಕುವ ಮಾಡೆಲ್ಲೇ ಕೊಳ್ಳಿ. ಡೌನ್‌ಲೋಡ್ ಮಾಡಿದ ಗೇಮ್‌ಗೆ ಎಕ್ಸ್‌ಚೇಂಜ್ ಕೇಳಿದರೆ ನಾವು ಸುಮ್ನೆ ಮುಖ ನೋಡಬೇಕಾಗುತ್ತದೆ.

ಇನ್ನು ರಿಪೇರಿ. ಕಂಟ್ರೋಲರ್ ಸ್ಟಿಕ್ ತಾನಾಗೇ ಓಡುವುದು, ಎಚ್‌ಡಿಎಂಐ ಪೋರ್ಟ್ (ಟಿವಿ ವೈರ್ ಹಾಕುವ ಜಾಗ) ಮುರಿದದ್ದು, ಫ್ಯಾನ್ ಕೂಗುವುದು, ಎಲ್ಲ ನೋಡುತ್ತೇವೆ. ನಮ್ಮ ರಸ್ತೆಗಳ ಧೂಳಿಗೆ ವರ್ಷಕ್ಕೊಮ್ಮೆ ಒಳಗೆ ಕ್ಲೀನ್ ಮಾಡಿಸುವುದು ಒಳ್ಳೆಯದು. ವಾರಂಟಿ ಇರುವ ಕನ್ಸೋಲ್ ಬಿಚ್ಚುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮತ್ತೆ, ಬೇಸಿಗೆ ರಜೆಯಲ್ಲಿ ಬಾಡಿಗೆಗೆ ಒಯ್ದ ಕ್ರಿಕೆಟ್ ಡಿಸ್ಕ್ ಇನ್ನೂ ವಾಪಸ್ ಬಂದಿಲ್ಲ. ಯಾರ ಹತ್ತಿರ ಇದೆಯೋ ತಂದುಕೊಡಿ, ಬೈಯುವುದಿಲ್ಲ.

ಅಂಗಡಿಯಿಂದ,
ಅಣ್ಣ ತಮ್ಮ ಇಬ್ಬರೂ