ಅಗ್ಗಿ ಹಾಯ್ದ ಮೇಲಿನ ಎರಡು ತಾಸು

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿ, ಬೀದರ, ಯಾದಗಿರಿ ಸೀಮೆಯಲ್ಲಿ ವೀರಭದ್ರ ದೇವರ ಜಾತ್ರೆಗೆ ಅಗ್ಗಿ ಹಾಯುವವರಿದ್ದಾರೆ, ಅಂದರೆ ಹರಕೆ ಹೊತ್ತು ಕೆಂಡದ ಮೇಲೆ ನಡೆಯುವವರು. ಮೊಹರಂನ ಕತಲ್ ರಾತ್ರಿ ಅಲಾಯಿ ಕುಣಿಯ, ಅಂದರೆ ಹಬ್ಬಕ್ಕೆ ತೋಡಿದ ಬೆಂಕಿಗುಂಡಿಯ ಕೆಂಡ ತುಳಿಯುವವರಿದ್ದಾರೆ. ಕಟ್ಟಿಗೆ, ಹಲಗಿ, ದಾಸೋಹ, ಬಂದೋಬಸ್ತಿಗೆಲ್ಲ ಕಮಿಟಿಯವರು ತಿಂಗಳ ಮೊದಲೇ ಓಡಾಡುತ್ತಾರೆ. ಅಗ್ಗಿ ಹಾಯ್ದು ಆಚೆ ಕಡೆ ಕಾಲಿಟ್ಟವರನ್ನು ಮಾತ್ರ ಆಮೇಲೆ ಕೇಳುವವರಿಲ್ಲ. ಜಾತ್ರೆಗಳಲ್ಲಿ ಪ್ರಥಮ ಚಿಕಿತ್ಸೆಯ ಕೆಲಸ ಮಾಡುವ ನಾವು ಆ ಮುಂದಿನ ಎರಡು ತಾಸಿನ ಬಗ್ಗೆ ಬರೆಯುತ್ತಿದ್ದೇವೆ. ಮೈಮೇಲೆ ದೇವರು ಬರುತ್ತದೋ ಇಲ್ಲವೋ ಎಂಬ ವಾದ ನಮ್ಮದಲ್ಲ. ದೇವರು ಬಂದ ಮೈಗೂ ನೀರು, ಉಪ್ಪು, ನೆರಳು ಬೇಕು ಎಂಬುದಷ್ಟೇ ನಮ್ಮ ಮಾತು.

ಹರಕೆ ಹೊತ್ತವರು ಹಿಂದಿನ ದಿನದಿಂದ ಉಪವಾಸ ಇರುತ್ತಾರೆ, ರಾತ್ರಿ ನಿದ್ದೆ ಇರುವುದಿಲ್ಲ. ಸಂಬಾಳ ವಾದ್ಯದ ಬಡಿತ ಏರಿದಂತೆ ಉಸಿರೂ ಏರುತ್ತದೆ. ಹೀಗೆ ಬಿರುಸಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತುಟಿಯ ಸುತ್ತ ಜುಮುಜುಮು ಎನ್ನುತ್ತದೆ, ಬೆರಳು ಸೆಟೆದು ಒಳಗೆ ಮಡಚಿಕೊಳ್ಳುತ್ತವೆ, ತಲೆ ತಿರುಗುತ್ತದೆ. ಅದೇ ಹೊತ್ತಿಗೆ ಅಡ್ರಿನಲಿನ್, ಎಂಡಾರ್ಫಿನ್ ಎಂಬ ಮೈಯೊಳಗಿನ ರಸಗಳು ಉಕ್ಕಿ ನೋವು ಮರೆಯಾಗುತ್ತದೆ. ಅಂಗಾಲಿಗೆ ಗುಳ್ಳೆ ಎದ್ದದ್ದು ಎಷ್ಟೋ ಮಂದಿಗೆ ಮನೆಗೆ ಹೋದ ಮೇಲೆಯೇ ತಿಳಿಯುವುದು ಇದರಿಂದ.

ದಂಡೆಯ ಮೇಲೆ ನಿಂತ ಮನೆಯವರ ಮೈಯೂ ಸುಮ್ಮನಿರುವುದಿಲ್ಲ. ಸ್ಪೇನ್ ದೇಶದ ಸಾನ್ ಪೆದ್ರೊ ಮನ್ರೀಕೆ ಎಂಬ ಊರಿನಲ್ಲಿ ಕೆಂಡ ಹಾಯುವವರ ಎದೆಬಡಿತ ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಾಯುವವರ ಬಡಿತದ ಜೊತೆಜೊತೆಗೇ ನೋಡುತ್ತಿದ್ದ ಬಂಧುಬಳಗದವರ ಬಡಿತವೂ ಏರಿಳಿಯಿತು. ಪರಊರಿನಿಂದ ಬಂದು ನೋಡುತ್ತಿದ್ದವರಲ್ಲಿ ಹಾಗಾಗಲಿಲ್ಲ. ಬಿಪಿ ಇರುವ ತಾಯಿ ಮಗನ ಸರದಿ ಮುಗಿಯುವವರೆಗೆ ಬಿಸಿಲಲ್ಲಿ ಕೈಮುಗಿದು ನಿಂತಿರುತ್ತಾಳೆ. ಆಕೆಗೂ ಒಂದು ಕುರ್ಚಿ ಬೇಕು.

ತಾಸುಗಟ್ಟಲೆ ಕುಣಿದವರು ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ತಂಗಿ ಬವಳಿ ಬರುತ್ತದೆ. ಆದ್ದರಿಂದ ಅಗ್ಗಿ ದಾಟಿದವರ ಕಾಲು ನೋಡಿ, ಸುಟ್ಟಿಲ್ಲವಾದರೆ ತೋಳು ಹಿಡಿದು ಐದು ನಿಮಿಷ ಮೆಲ್ಲಗೆ ನಡೆಸಿ. ಬಿದ್ದರೆ ಮಲಗಿಸಿ, ಕಾಲು ಒಂದು ಅಡಿ ಎತ್ತರಕ್ಕಿಡಿ, ಸುತ್ತ ಗಾಳಿ ಬಿಡಿ. ಎಚ್ಚರ ಬರುವ ಮೊದಲು ಬಾಯಿಗೆ ತೀರ್ಥ, ನೀರು ಯಾವುದನ್ನೂ ಹಾಕಬೇಡಿ, ಶ್ವಾಸಕ್ಕಿಳಿಯುತ್ತದೆ. ಎಚ್ಚರವಾದ ಮೇಲೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಮಾಲದಿ, ಚೊಂಗೆಯಂಥ ಹಬ್ಬದ ಸಿಹಿ ಆಮೇಲಿರಲಿ, ಬರಿ ಹೊಟ್ಟೆಗೆ ಮೊದಲು ಗಂಜಿ ಇಲ್ಲವೇ ಬಾಳೆಹಣ್ಣು.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಗುಳಿಗೆಯ ವಿಷಯ. ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ ಅಥವಾ ಇನ್ಸುಲಿನ್ ತಗೊಂಡು ಉಪವಾಸ ಮಾಡಿದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತೊದಲು, ಅಸಂಬದ್ಧ ಮಾತು ಶುರುವಾಗುತ್ತದೆ. ನೋಡಿದವರು ‘ದೇವರು ಬಂತು’ ಎಂದು ಹಲಗಿ ಇನ್ನೂ ಜೋರು ಮಾಡುತ್ತಾರೆ! ನುಂಗುವಷ್ಟು ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಅಷ್ಟೇ ಕೊಡಿ. ಎಚ್ಚರವಿಲ್ಲದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಫಿಟ್ಸ್ ಇರುವವರದು ಇದಕ್ಕೆ ತಿರುಗಾಮುರುಗಾ. ಉಪವಾಸವೆಂದು ಗುಳಿಗೆ ಬಿಡುತ್ತಾರೆ, ನಿದ್ದೆಗೆಡುತ್ತಾರೆ, ಎರಡೂ ಸೇರಿ ಫಿಟ್ಸ್ ಬರಿಸುತ್ತವೆ. ಆಗ ಕೈಗೆ ಕೀಲಿಕೈ ಕೊಡಬೇಡಿ, ಮೂಗಿಗೆ ಉಳ್ಳಾಗಡ್ಡಿ ಹಿಡಿಯಬೇಡಿ. ತಲೆಗೆ ಪೆಟ್ಟಾಗದಂತೆ ನೋಡಿ, ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಇನ್ನು ಕೆಂಡದ ವಿಷಯ. ಕಟ್ಟಿಗೆಯ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಮೇಲಿನ ಬೂದಿ ಅದನ್ನು ಇನ್ನಷ್ಟು ತಡೆಯುತ್ತದೆ, ಹೆಜ್ಜೆ ಊರುವುದು ಕ್ಷಣ ಮಾತ್ರ. ಅದಕ್ಕೇ ನಾಲ್ಕೈದು ಹೆಜ್ಜೆ ನಡೆದವರು ಸಾಮಾನ್ಯವಾಗಿ ಸುಡದೆ ದಾಟುತ್ತಾರೆ. ಹಳೆ ಬಾಗಿಲು, ಪೆಟ್ಟಿಗೆಯ ಹಲಗೆ ಉರಿಸಿದರೆ ಮೊಳೆಗಳು ಕೆಂಡದಲ್ಲೇ ಉಳಿಯುತ್ತವೆ. ಕಬ್ಬಿಣ ಕೆಂಡದ ಹಾಗಲ್ಲ, ಮುಟ್ಟಿದ ಕೂಡಲೇ ಚರ್ಮ ಸುಲಿಯುತ್ತದೆ. ಓಡಿದರೆ ಬೆರಳು ಒಳಗೆ ನೆಟ್ಟು ಸಂದಿಯಲ್ಲಿ ಕೆಂಡ ಸಿಕ್ಕುತ್ತದೆ. ಹಾಯುವ ಹೊತ್ತಿನಲ್ಲಿ ಕೊಬ್ಬರಿ, ಕರ್ಪೂರ, ತುಪ್ಪ ಸುರಿದರೆ ಜ್ವಾಲೆ ಏಳುತ್ತದೆ. ನೈಲಾನ್ ಸೀರೆಯ ಸೆರಗು ಕರಗಿ ಮೈಗೆ ಅಂಟಿದರೆ ಬಿಡಿಸಲಾಗದು. ಹತ್ತಿ ಬಟ್ಟೆ ಇರಲಿ, ಕಚ್ಚೆ ಬಿಗಿಯಾಗಿರಲಿ, ಒಬ್ಬರು ದಾಟಿದ ಮೇಲೆಯೇ ಇನ್ನೊಬ್ಬರನ್ನು ಬಿಡಿ, ಕಂಕುಳಲ್ಲಿ ಕೂಸು ಬೇಡವೇ ಬೇಡ. ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಚಪ್ಪಲಿ ಕಳಚಿದ್ದೂ ತಿಳಿಯದಷ್ಟು ಪಾದ ಜೋಮು ಹಿಡಿದವರು ಅಗ್ಗಿ ಹಾಯಲೇಬಾರದು. ಅವರ ಸುಟ್ಟ ಗಾಯ ಮಾಯದೆ ಕೊಳೆತು ಬೆರಳು, ಪಾದ ತೆಗೆಯುವ ಹಂತಕ್ಕೂ ಹೋಗುತ್ತದೆ.

ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಕಾಲಿಡಿ. ಐಸ್, ಅರಿಶಿಣ, ಪೇಸ್ಟ್, ಶಾಯಿ ಯಾವುದೂ ಬೇಡ. ಬಾವು ಬರುವ ಮೊದಲೇ ಕಾಲುಂಗುರ, ಕಡಗ ತೆಗೆಯಿರಿ. ಗುಳ್ಳೆ ಒಡೆಯಬೇಡಿ, ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ವೀರಭದ್ರನ ಸೇವೆಯಲ್ಲಿ ಮೈಗೆ ಶಸ್ತ್ರ ಚುಚ್ಚಿಕೊಳ್ಳುವ ಪುರವಂತರಿಗೆ ಒಂದು ಬಿನ್ನಹ. ಒಬ್ಬರ ಶಸ್ತ್ರ ಇನ್ನೊಬ್ಬರಿಗೆ ಬೇಡ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಏಳು ದಿನವಾದರೂ ಬದುಕಿರುತ್ತದೆ, ವಿಭೂತಿ, ನಿಂಬೆಹಣ್ಣಿಗೆ ಅದು ಸಾಯುವುದಿಲ್ಲ. ಕೆನ್ನೆಗೆ ಸರಳು ಚುಚ್ಚಿಕೊಳ್ಳುವ ಬಾಯಿಬೀಗವಂತೂ 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯಡಿ ನಿಷಿದ್ಧ.

ಮನಸ್ಸಿನ ಮಾತು ಉಳಿಯಿತು. ಹಲವರಿಗೆ ಎದೆ ಹಗುರಾಗುತ್ತದೆ, ಅದು ಸುಳ್ಳಲ್ಲ. ಕೆಲವರಿಗೆ ಮೈ ಗದಗುಟ್ಟಿ ಅಳು ಒತ್ತರಿಸುತ್ತದೆ, ಮರುದಿನ ಏನೂ ಬೇಡವೆನಿಸುತ್ತದೆ. ಆಗ ‘ದೇವರು ಏನು ಹೇಳಿತು’ ಎಂದು ಪೀಡಿಸದೆ ಮನೆಯವರೊಬ್ಬರು ಪಕ್ಕದಲ್ಲಿ ಕೂತರೆ, ಉಂಡು ನಿದ್ದೆ ಮಾಡಿದರೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೂರು ದಿನವಾದರೂ ನಿದ್ದೆ ಬಾರದೆ ಒಬ್ಬರೇ ಮಾತಾಡುತ್ತಿದ್ದರೆ ಹೊಡೆಯುವುದು, ಕಟ್ಟಿಹಾಕುವುದು ಮಾಡದೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕಮಿಟಿಯವರು ಮುಂದಿನ ಜಾತ್ರೆಯ ಖರ್ಚಿನ ಪಟ್ಟಿಯಲ್ಲಿ ಇಷ್ಟು ಸೇರಿಸಲಿ: ಅಗ್ಗಿಯ ಆಚೆ ತುದಿಗೆ ಒಂದು ಸಣ್ಣ ಪೆಂಡಾಲ್, ಹತ್ತು ಚಾಪೆ, ನಳ ಇರುವ ಎರಡು ಡ್ರಮ್ ನೀರು, 50 ಓಆರ್‌ಎಸ್ ಪೊಟ್ಟಣ, ಒಂದು ಕಿಲೋ ಸಕ್ಕರೆ, ರಕ್ತದ ಸಕ್ಕರೆ ಅಳೆಯುವ ಯಂತ್ರ. ಹದಿನೈದು ದಿನ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಅರ್ಜಿ ಕೊಟ್ಟು ನರ್ಸ್ ಒಬ್ಬರನ್ನು ಕೇಳಿಕೊಳ್ಳಲಿ.

— ಜಾತ್ರೆಗಳಲ್ಲಿ ಪ್ರಥಮ ಚಿಕಿತ್ಸೆ ನೀಡುವ ಕಾರ್ಯಕರ್ತರು, ಕಲಬುರಗಿ