ಟರ್ಕಿ ಕೋಳಿ ಮೂಳೆ ಬಿಸಾಕ್ಬೇಡಿ, ಸಾರು ಮಾಡ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ನಾನು ಅಮೆರಿಕದ ಮಿನ್ನೆಸೋಟಾದಲ್ಲಿರೋ ಮಂಡ್ಯ ಕಡೆಯವಳು, ನಿಮ್ಮ ಪೇಪರ್ ದಿನಾ ಆನ್‌ಲೈನಲ್ಲೇ ಓದ್ತೀನಿ. ನವೆಂಬರ್ ಬಂತು, ಇನ್ನೇನು ಥ್ಯಾಂಕ್ಸ್‌ಗಿವಿಂಗ್, ಅದಾದ್ಮೇಲೆ ಕ್ರಿಸ್‌ಮಸ್. ಈ ಹಬ್ಬಗಳ ಮಾರನೇ ದಿನ ಇಲ್ಲಿ ಕಸದ ಡಬ್ಬಿಗೆ ಹೋಗೋ ಟರ್ಕಿ ಕೋಳಿ ಮೂಳೆ ನೋಡಿದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ, ಅದ್ರಲ್ಲೂ ನಮ್ಮ ಕನ್ನಡದ ಹುಡುಗ್ರು ಬಿಸಾಕಿದ್ದು ನೋಡಿದ್ರೆ ಇನ್ನೂ ಜಾಸ್ತಿ. ಅದಕ್ಕೇ ಈ ಪತ್ರ. ಇಲ್ಲಿ ಓದೋಕೆ ಬಂದಿರೋ ಮಕ್ಕಳು ಪೇಪರ್ ಓದ್ತಾರೋ ಇಲ್ವೋ, ಊರಲ್ಲಿರೋ ಅಪ್ಪ ಅಮ್ಮ ಅಂತೂ ಓದ್ತಾರೆ, ವಾಟ್ಸಾಪಲ್ಲಿ ಕಳಿಸ್ತಾರೆ, ಆ ಧೈರ್ಯದ ಮೇಲೆ ಬರೀತಿದೀನಿ.

ಗೊತ್ತಿಲ್ದೋರಿಗೆ ಒಂದೆರಡು ಮಾತು. ಥ್ಯಾಂಕ್ಸ್‌ಗಿವಿಂಗ್ ಅಂದ್ರೆ ನವೆಂಬರ್‌ನ ನಾಲ್ಕನೇ ಗುರುವಾರ. 1863ರಲ್ಲಿ ಅಬ್ರಹಾಂ ಲಿಂಕನ್ ಇದನ್ನ ಇಡೀ ದೇಶದ ಹಬ್ಬ ಅಂತ ಘೋಷಣೆ ಮಾಡಿದ್ರು, ನಾಲ್ಕನೇ ಗುರುವಾರವೇ ಅಂತ ಕಾನೂನಾಗಿದ್ದು 1941ರಲ್ಲಿ. ಅವತ್ತು ಮನೆಮನೇಲೂ ಒಂದು ಇಡೀ ಟರ್ಕಿ ಓವನ್‌ಗೆ ಹೋಗುತ್ತೆ, ಆ ಒಂದು ಹಬ್ಬಕ್ಕೇ 4 ಕೋಟಿಗೂ ಮೇಲೆ ಟರ್ಕಿ ಬೇಯುತ್ತೆ ಅಂತ ಆ ಉದ್ಯಮದವರ ಅಂದಾಜು. ನಾವಿರೋ ಮಿನ್ನೆಸೋಟಾನೇ ಟರ್ಕಿ ಸಾಕೋದ್ರಲ್ಲಿ ದೇಶಕ್ಕೆ ಮುಂದು. ಹಬ್ಬದ ವಾರ ಅಂಗಡಿಗಳಲ್ಲಿ ಫ್ರೋಜನ್ ಟರ್ಕಿ ಬೆಲೆ ಇಳಿಸ್ತಾರೆ, ಕೆಲವು ಕಡೆ ಇಷ್ಟು ಸಾಮಾನು ತಗೊಂಡ್ರೆ ಟರ್ಕಿ ಫ್ರೀ ಅಂತಾನೂ ಕೊಡ್ತಾರೆ, ಹಂಗಾಗಿ ನಾಲ್ಕು ಜನ ಹುಡುಗ್ರು ರೂಮ್ ಮಾಡ್ಕೊಂಡಿರೋ ಕಡೆನೂ ಆರು ಕೆಜಿ ಹಕ್ಕಿ ಒಂದು ಬಂದು ಕೂರುತ್ತೆ. ಎದೆ ಮಾಂಸ ತಿಂತಾರೆ, ತೊಡೆ ತಿಂತಾರೆ, ಉಳಿದಿದ್ದನ್ನ ಫಾಯಿಲ್ ಸಮೇತ ಸುತ್ತಿ ಕಸಕ್ಕೆ.

ಆ ಕಸಕ್ಕೆ ಹೋಗೋದ್ರಲ್ಲೇ ಇರೋದು ಸ್ವಾಮಿ ರುಚಿ ಎಲ್ಲಾ. ಬೆನ್ನಿನ ಗೂಡು, ಕತ್ತು, ರೆಕ್ಕೆ ತುದಿ, ಕೀಲುಗಳು, ಮೂಳೆಗೆ ಅಂಟಿಕೊಂಡಿರೋ ಚೂರುಪಾರು ಮಾಂಸ. ನಮ್ಮ ಕಡೆ ಹೊಸತೊಡಕಿಗೆ ನಾಟಿಕೋಳಿ ತಂದಾಗ ಮೂಳೆ ಇರೋ ತುಂಡಿಗೇ ಜಗಳ ಆಡೋ ಜನ ನಾವು, ಇಲ್ಲಿ ಬಂದು ಅದನ್ನೇ ಹೆಂಗೆ ಬಿಸಾಕ್ತೀವೋ ನಂಗರ್ಥ ಆಗಲ್ಲ.

ನಾನಿದನ್ನ ಕಲಿತಿದ್ದು ನಮ್ಮಮ್ಮನ ಹತ್ರ. ನನ್ನ ಬಾಣಂತನಕ್ಕೆ ಅಂತ ಅಮ್ಮ ಇಲ್ಲಿಗೆ ಬಂದಾಗ ಹೊರಗೆ ಹಿಮ ಬೀಳ್ತಿತ್ತು, ಪಕ್ಕದ ಮನೆಯವರು ಹಬ್ಬದ ಊಟಕ್ಕೆ ಕರೆದಿದ್ರು, ಊಟ ಆದ್ಮೇಲೆ ಅವರು ಆ ಗೂಡನ್ನ ಎತ್ತಿ ಕಸದ ಚೀಲಕ್ಕೆ ಹಾಕೋಕೆ ಹೋದಾಗ ಅಮ್ಮ ನನ್ನ ಕೈ ಹಿಡ್ಕೊಂಡು "ಅಯ್ಯೋ ಇಷ್ಟು ಮೂಳೆ ಇಟ್ಕೊಂಡು ಯಾರಾದ್ರೂ ಬಿಸಾಕ್ತಾರೇನವ್ವಾ, ಕೇಳು ಅವರ್ನ, ನಾವು ತಗೊಂಡು ಹೋಗಣ" ಅಂದ್ರು. ಅವರೂ ಖುಷಿಯಾಗೇ ಕೊಟ್ರು. ಬಾಣಂತಿಗೆ ನಾಟಿಕೋಳಿ ಮೆಣಸಿನ ಸಾರು ಮಾಡೋ ಹಂಗೇ ಮಾಡಿದ್ರು, ನಾಟಿಕೋಳಿ ಬದಲು ಟರ್ಕಿ ಮೂಳೆ, ಅಷ್ಟೇ ವ್ಯತ್ಯಾಸ. ಪಕ್ಕದ ಮನೆಯವರಿಗೂ ಒಂದು ಡಬ್ಬಿ ಕೊಟ್ವಿ. ಅವತ್ತಿಂದ ನಮ್ಮನೇಲಿ ಹಬ್ಬದ ಊಟಕ್ಕಿಂತ ಮಾರನೇ ದಿನದ ಸಾರೇ ಮುಖ್ಯ.

ಮಾಡೋದು ಹೆಂಗೆ ಅಂತ ಸರಿಯಾಗಿ ಹೇಳ್ತೀನಿ. ಊಟ ಮುಗಿದ ಕೂಡ್ಲೇ, ಟೇಬಲ್ ಮೇಲೆ ರಾತ್ರಿಯೆಲ್ಲಾ ಬಿಡ್ಬೇಡಿ, ಮೂಳೆಯಿಂದ ಬರೋ ಅಷ್ಟೂ ಮಾಂಸ ಕೈಯಲ್ಲೇ ಬಿಡಿಸಿ ಒಂದು ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಇಡಿ. ಹಕ್ಕಿ ಹೊಟ್ಟೆಯೊಳಗೆ ಬ್ರೆಡ್ಡು, ರೋಸ್‌ಮೆರಿ, ಸೇಜ್ ಎಲೆ ಏನೇನೋ ತುಂಬಿರ್ತಾರಲ್ಲ ಅದನ್ನ ಪೂರ್ತಿ ತೆಗೀರಿ, ಅದರ ವಾಸನೆ ನಮ್ಮ ಮಸಾಲೆಗೆ ಹೊಂದಲ್ಲ. ಕಪ್ಪಗೆ ಸುಟ್ಟಿರೋ ಚರ್ಮ ಇದ್ರೆ ಅದನ್ನೂ ತೆಗೀರಿ, ಸಾರು ಕಹಿ ಆಗುತ್ತೆ, ಬರೀ ಕೆಂಪಗಿರೋದು ಇರ್ಲಿ. ಆಮೇಲೆ ಗೂಡನ್ನ ಕೈಯಲ್ಲೇ ಮುರಿದು ದೊಡ್ಡ ಪಾತ್ರೆಗೆ ಹಾಕಿ ಮೂಳೆ ಮುಳುಗೋ ಅಷ್ಟು ತಣ್ಣೀರು ಹಾಕಿ, ಆರು ಕೆಜಿ ಹಕ್ಕಿಗೆ ಮೂರೂವರೆ ನಾಲ್ಕು ಲೀಟರ್ ಹಿಡಿಯುತ್ತೆ. ಒಂದು ಈರುಳ್ಳಿ ಸಿಪ್ಪೆ ಸಮೇತ ಎರಡು ಹೋಳು ಮಾಡಿ ಹಾಕಿ, ಒಂದು ಕ್ಯಾರೆಟ್, ಶುಂಠಿ ಜಜ್ಜಿದ್ದು, ಕೊತ್ತಂಬರಿ ದಂಟು, ಎಲೆ ಅಲ್ಲ ದಂಟು. ಉಪ್ಪು ಮಾತ್ರ ಈಗ ಹಾಕ್ಬೇಡಿ ದಯವಿಟ್ಟು, ಇಲ್ಲಿನ ಫ್ರೋಜನ್ ಟರ್ಕಿಗೆ ಎಷ್ಟೋ ಕಂಪನಿಯವರು ಮೊದ್ಲೇ ಉಪ್ಪು ನೀರು ಚುಚ್ಚಿರ್ತಾರೆ, ಮೇಲಿಂದ ಮನೆಯವರು ಉಪ್ಪು ಸವರಿರ್ತಾರೆ, ಸಾರು ಕುದ್ದು ಕಮ್ಮಿ ಆದಾಗ ಬಾಯಿಗೆ ಇಡೋಕಾಗಲ್ಲ, ಕೊನೇಲಿ ರುಚಿ ನೋಡಿ ಹಾಕಿ.

ಒಂದು ಕುದಿ ಬಂದ್ಮೇಲೆ ಉರಿ ಸಣ್ಣ ಮಾಡ್ಬೇಕು, ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬರ್ಬೇಕು ಅಷ್ಟೇ, ಕೊತಕೊತ ಅಂತ ಕುದಿಸಿದ್ರೆ ಕೊಬ್ಬು ನೀರಲ್ಲಿ ಸೇರ್ಕೊಂಡು ಸಾರು ಬೆಳ್ಳಗೆ ಜಿಡ್ಡಾಗುತ್ತೆ. ಮೇಲೆ ನೊರೆ ಬಂದ್ರೆ ಸೌಟಲ್ಲಿ ತೆಗೀತಾ ಇರಿ. ಮೂರು ಗಂಟೆ ಬಿಡಿ. ಅಷ್ಟು ಹೊತ್ತು ಯಾಕೆ ಅಂದ್ರೆ ಕೀಲು, ಚರ್ಮ, ನರದಲ್ಲಿರೋ ಕೊಲಾಜೆನ್ ಅನ್ನೋ ಗಟ್ಟಿ ಪ್ರೋಟೀನು ನಿಧಾನಕ್ಕೆ ಕರಗಿ ಜೆಲ್ಲಿ ಥರದ ಜೆಲಟಿನ್ ಆಗ್ಬೇಕು, ಅದಕ್ಕೆ ಬಿಸಿನೂ ಬೇಕು ಟೈಮೂ ಬೇಕು. ಅವಸರ ಇದ್ರೆ ಪ್ರೆಷರ್ ಕುಕ್ಕರಲ್ಲಿ ಮುಕ್ಕಾಲು ಗಂಟೆ, ಆದ್ರೆ ಕುಕ್ಕರ್ ತುಂಬಾ ತುಂಬ್ಬೇಡಿ. ಸೋಸಿ ಫ್ರಿಜ್ಜಲ್ಲಿಟ್ರೆ ಮಾರನೇ ದಿನ ಸಾರು ಗಟ್ಟಿಯಾಗಿ ಅಲ್ಲಾಡ್ತಾ ಇರುತ್ತೆ, ಕೆಟ್ಟೋಗಿದೆ ಅಂತ ಹೊಸಬರು ಚೆಲ್ಲಿಬಿಡ್ತಾರೆ, ಚೆಲ್ಬೇಡಿ, ಅದೇ ಸರಿಯಾಗಿ ಆಗಿರೋ ಲಕ್ಷಣ. ಮೇಲೆ ಬಿಳೀ ಪದರ ಕಟ್ಟಿರೋದು ಕೊಬ್ಬು, ಸ್ಪೂನಲ್ಲಿ ಎತ್ತಿದ್ರೆ ಹಂಗೇ ಬರುತ್ತೆ, ಅದ್ರಲ್ಲಿ ಒಂದು ಚಮಚ ಒಗ್ಗರಣೆಗೆ ಇಟ್ಕೊಳ್ಳಿ.

ಈಗ ನಮ್ಮ ಕೆಲಸ. ಒಂದು ಚಮಚ ಮೆಣಸು, ಒಂದು ಚಮಚ ಜೀರಿಗೆ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದಿಷ್ಟು ಧನಿಯಾ, ಒರಳಿದ್ರೆ ಒರಳಲ್ಲಿ ತರಿತರಿಯಾಗಿ ಕುಟ್ಟಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ರೆ ಆ ಘಮ ಬರಲ್ಲ ಅಂತ ನನ್ನ ಅಭಿಪ್ರಾಯ. ಆ ಕೊಬ್ಬಲ್ಲೋ ತುಪ್ಪದಲ್ಲೋ ಕರಿಬೇವು, ಸಣ್ಣ ಈರುಳ್ಳಿ ಬಾಡಿಸಿ, ಚಿಟಿಕೆ ಅರಿಶಿನ, ಕುಟ್ಟಿದ್ದು ಹಾಕಿ ಘಮ್ಮಂದ ಕೂಡ್ಲೇ ಸೋಸಿದ ಸಾರು ಹುಯ್ಯಿರಿ. ಒಂದು ಹಿಡಿ ಹೆಸರುಬೇಳೆ ಹಾಕಿದ್ರೆ ಹೊಟ್ಟೆ ತುಂಬುತ್ತೆ, ಇಂಡಿಯನ್ ಸ್ಟೋರಲ್ಲಿ ಫ್ರೋಜನ್ ನುಗ್ಗೆಸೊಪ್ಪು ಸಿಕ್ಕಿದ್ರಂತೂ ಕೇಳೋದೇ ಬೇಡ. ಗಟ್ಟಿ ಬೇಕು ಅನ್ನೋರು ಎರಡು ಚಮಚ ರಾಗಿ ಹಿಟ್ಟನ್ನ ತಣ್ಣೀರಲ್ಲಿ ಗಂಟಿಲ್ದಂಗೆ ಕಲಸಿ ಹಾಕಿ ಕುದಿಸಿ. ಬಿಡಿಸಿಟ್ಟಿದ್ದ ಮಾಂಸ ಮಾತ್ರ ಕೊನೇ ಐದು ನಿಮಿಷಕ್ಕೇ ಹಾಕ್ಬೇಕು, ಅದು ಆಗ್ಲೇ ಬೆಂದಿರೋದು, ಮೊದ್ಲೇ ಹಾಕಿದ್ರೆ ನಾರು ನಾರಾಗುತ್ತೆ. ಇಳಿಸಿದ್ಮೇಲೆ ನಿಂಬೆರಸ. ಅನ್ನಕ್ಕೂ ಆಗುತ್ತೆ ಮುದ್ದೆಗೂ ಆಗುತ್ತೆ, ಲೋಟದಲ್ಲಿ ಹಾಕ್ಕೊಂಡು ಕುಡೀಬಹುದು.

ಪೌಷ್ಟಿಕ ಅಂತಾರಲ್ಲ, ಅದರ ಬಗ್ಗೆ ಸ್ವಲ್ಪ ನೆಟ್ಟಗೆ ಮಾತಾಡ್ಬೇಕು, ಯಾಕಂದ್ರೆ ಈ ಮೂಳೆ ಸಾರಿಗೇ ಬೋನ್ ಬ್ರಾತ್ ಅಂತ ಹೆಸರಿಟ್ಟು ಅದು ಸರ್ವರೋಗಕ್ಕೂ ಔಷಧಿ ಅನ್ನೋ ವಿಡಿಯೋಗಳು ತುಂಬಾ ಓಡಾಡ್ತಿವೆ. ಮೂಳೆ ಕುದಿಸಿದ್ರೆ ಕ್ಯಾಲ್ಸಿಯಂ ಹೇರಳವಾಗಿ ಬಿಡುತ್ತೆ ಅನ್ನೋದು ಸುಳ್ಳು, ಬರೋದು ಕಮ್ಮಿನೇ, ಕ್ಯಾಲ್ಸಿಯಂ ಬೇಕಂದ್ರೆ ರಾಗಿ ಹಾಲು ಸೊಪ್ಪು ತಿನ್ನಿ. ಇದರಲ್ಲಿ ನಿಜವಾಗಿ ಸಿಗೋದು ಆ ಬಿಡಿಸಿದ ಮಾಂಸದ ಪ್ರೋಟೀನು, ಬೆಂದ ಟರ್ಕಿ ಎದೆ ಮಾಂಸ 100 ಗ್ರಾಂಗೆ ಸುಮಾರು 30 ಗ್ರಾಂ, ಜೊತೆಗೆ ಬೇಳೆ ಸೊಪ್ಪಿನದು, ಮತ್ತೆ ಬಿಸಿ ಬಿಸಿ ನೀರಿನಂಶ. ಶೀತಕ್ಕೆ ಕೋಳಿ ಸೂಪ್ ಅನ್ನೋದು ಬರೀ ಅಜ್ಜಿ ಮಾತಲ್ಲ, 1978ರಲ್ಲಿ ಮಯಾಮಿ ಬೀಚ್‌ನ ಡಾಕ್ಟರುಗಳು ಬಿಸಿ ಕೋಳಿ ಸೂಪ್ ಕುಡಿದೋರಿಗೆ ತಣ್ಣೀರು ಕುಡಿದೋರಿಗಿಂತ ಮೂಗಿನ ಸಿಂಬಳ ಬೇಗ ಸರಿದು ಹೋಗುತ್ತೆ ಅಂತ ಅಳೆದು ತೋರಿಸಿದ್ರು, 2000ರಲ್ಲಿ ನೆಬ್ರಾಸ್ಕಾದ ಸ್ಟೀಫನ್ ರೆನಾರ್ಡ್ ಅನ್ನೋ ಡಾಕ್ಟರು ಅವರ ಹೆಂಡತಿಯ ಅಜ್ಜಿಯಿಂದ ಬಂದ ರೆಸಿಪಿಯ ಸೂಪನ್ನೇ ಲ್ಯಾಬಿಗೆ ತಗೊಂಡು ಹೋಗಿ ಅದು ಒಂದು ಬಗೆ ಬಿಳಿ ರಕ್ತಕಣಗಳ ಓಡಾಟ ಕಮ್ಮಿ ಮಾಡುತ್ತೆ ಅಂತ ಕಂಡ್ರು, ಅದು ಉರಿಯೂತ ಇಳಿಸೋದಕ್ಕೆ ಸಂಬಂಧಪಟ್ಟಿದ್ದು. ಆದ್ರೆ ಅದು ಲ್ಯಾಬಲ್ಲಿ ಮಾಡಿದ್ದು, ಜ್ವರ ಬಂದೋರ ಮೇಲೆ ಮಾಡಿದ್ದಲ್ಲ, ಹಂಗಾಗಿ ಸೂಪ್ ಕುಡೀರಿ, ಡಾಕ್ಟರ ಹತ್ರಾನೂ ಹೋಗಿ.

ಒಂದು ವಿಷಯ ಮಾತ್ರ ನಾನು ಗಟ್ಟಿಯಾಗಿ ಹೇಳ್ಬೇಕು, ಇದು ಊರಲ್ಲಿರೋರಿಗೂ ಸೇರಿ. ಸಾರನ್ನ ರಾತ್ರಿ ಸ್ಟವ್ ಮೇಲೇ ಬಿಟ್ಟು ಬೆಳಗ್ಗೆ ಎದ್ದು ಇನ್ನೊಂದು ಕುದಿ ಬರಿಸಿದ್ರಾಯ್ತು ಅನ್ನೋ ಅಭ್ಯಾಸ ನಮ್ಮಲ್ಲಿ ಎಲ್ಲರ ಮನೇಲೂ ಇದೆ. ಬಿಡ್ಬೇಕು ಅದನ್ನ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಅದರ ಬೀಜಾಣು ಬೇಯಿಸಿದ್ರೂ ಸಾಯಲ್ಲ, ದೊಡ್ಡ ಪಾತ್ರೆಯಲ್ಲಿ ಸಾರು ಉಗುರು ಬೆಚ್ಚಗೆ ಗಂಟೆಗಟ್ಟಲೆ ಕೂತ್ರೆ ಅದು ಬೆಳೀತಾ ಹೋಗುತ್ತೆ. ಇಲ್ಲಿ ನವೆಂಬರ್ ಡಿಸೆಂಬರಲ್ಲಿ ಇದರಿಂದ ಹೊಟ್ಟೆ ಕೆಡೋದು ಜಾಸ್ತಿ ಅಂತ ಇಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರೇ ಹೇಳ್ತಾರೆ, ಕಾರಣ ಈ ಹಬ್ಬದ ಟರ್ಕಿ ಥರದ ಅಡುಗೆಗಳೇ. ಮತ್ತೆ ಬೇರೆ ಕೆಲವು ಬ್ಯಾಕ್ಟೀರಿಯಾ ಬಿಡೋ ವಿಷ ಬೆಳಗ್ಗೆ ಎಷ್ಟು ಕುದಿಸಿದ್ರೂ ಹೋಗಲ್ಲ. ಅದಕ್ಕೇ ಒಲೆಯಿಂದ ಇಳಿಸಿದ ಎರಡು ಗಂಟೆ ಒಳಗೆ ಫ್ರಿಜ್ಜಿಗೆ ಹೋಗ್ಬೇಕು, ಪಾತ್ರೆ ಸಮೇತ ಅಲ್ಲ, ಸೋಸಿ, ಅಗಲವಾದ ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ, ಸಿಂಕಲ್ಲಿ ಐಸ್ ನೀರು ತುಂಬಿ ಡಬ್ಬಿ ಅದರೊಳಗಿಟ್ಟು ಬೇಗ ಆರಿಸಿ. ಮಿನ್ನೆಸೋಟಾ ಚಳಿ ಅಲ್ವಾ ಅಂತ ಪಾತ್ರೆ ಎತ್ಕೊಂಡು ಹೋಗಿ ಗ್ಯಾರೇಜಲ್ಲಿ ಇಡೋರಿದಾರೆ, ಗ್ಯಾರೇಜ್ ಮಧ್ಯಾಹ್ನ ಎಷ್ಟು ಬೆಚ್ಚಗಾಗುತ್ತೆ ಯಾರಿಗ್ಗೊತ್ತು, ಬೇಡ. ಫ್ರಿಜ್ಜಲ್ಲಿ ಮೂರ್ನಾಲ್ಕು ದಿನ, ಆಮೇಲೆ ಫ್ರೀಜರ್, ಜಿಪ್ ಕವರಲ್ಲಿ ಹಾಕಿ ಮಲಗಿಸಿ ಇಟ್ರೆ ಜಾಗನೂ ಕಮ್ಮಿ, ಎರಡು ಮೂರು ತಿಂಗಳು ಬರುತ್ತೆ, ತಾರೀಖು ಬರ್ದಿಡಿ. ತಿನ್ನೋವಾಗ ಚೆನ್ನಾಗಿ ಕುದಿಸಿ, ಬೇಕಾದಷ್ಟೇ ತೆಗ್ದು ಕುದಿಸಿ.

ದುಡ್ಡಿನ ಲೆಕ್ಕನೂ ನೋಡಿ. ಅಂಗಡೀಲಿ ಒಂದು ಲೀಟರ್ ಸಾರಿನ ಪ್ಯಾಕೆಟ್ಟಿಗೆ ಮೂರ್ನಾಲ್ಕು ಡಾಲರ್, ಬರೀ ಉಪ್ಪು. ಸಾಲ ಮಾಡಿ ಓದೋಕೆ ಬಂದಿರೋ ಮಕ್ಕಳು, ಪರೀಕ್ಷೆ ಹತ್ರ ಬಂದಾಗ ಮ್ಯಾಗಿ ತಿಂದ್ಕೊಂಡು ಇರೋರು, ಅವರ ಫ್ರೀಜರಲ್ಲಿ ಇಂಥ ನಾಲ್ಕು ಕವರ್ ಇದ್ರೆ ಡಿಸೆಂಬರ್ ಪೂರ್ತಿ ಒಂದು ಬಿಸಿ ಊಟಕ್ಕೆ ದಾರಿ ಆಗುತ್ತೆ. ನಿಮಗೆ ಟರ್ಕಿ ಸಿಗದಿದ್ರೂ ಪರವಾಗಿಲ್ಲ, ಕ್ರಿಸ್‌ಮಸ್‌ಗೆ ಬೆಂಗಳೂರು ಮಂಗಳೂರಲ್ಲಿ ಇಡೀ ಕೋಳಿ, ಬಾತುಕೋಳಿ ರೋಸ್ಟ್ ಮಾಡ್ತೀರಲ್ಲ, ಅದಕ್ಕೂ ಇದೇ ರೀತಿ, ಬಾತುಕೋಳಿಗೆ ಕೊಬ್ಬು ಜಾಸ್ತಿ ಹಾಗಾಗಿ ಫ್ರಿಜ್ಜಲ್ಲಿಟ್ಟು ಪದರ ತೆಗೆಯೋದು ಮರೀಬೇಡಿ. ಮಾಂಸ ತಿನ್ನದೋರಿಗೆ ಈ ಪತ್ರ ಅಲ್ಲ, ಅವರು ಬೇಜಾರ್ ಮಾಡ್ಕೋಬಾರ್ದು.

ಸಂಪಾದಕರೇ, ಹಬ್ಬದ ವಾರಕ್ಕೆ ಮುಂಚೆನೇ ಇದನ್ನ ಹಾಕಿದ್ರೆ ಉಪಕಾರ ಆಗುತ್ತೆ, ಗುರುವಾರ ಕಳೆದ್ಮೇಲೆ ಹಾಕಿದ್ರೆ ಅಷ್ಟೊತ್ತಿಗೆ ಕಸದ ಗಾಡಿ ಬಂದು ಹೋಗಿರುತ್ತೆ. ಇನ್ನೊಂದು ಕೇಳಿಕೆ, ನಿಮ್ಮ ಅಡುಗೆ ಪುಟದಲ್ಲಿ ಹೊರದೇಶದಲ್ಲಿರೋ ಮಕ್ಕಳಿಗೆ ಅಂತ ಆಗಾಗ ಸ್ವಲ್ಪ ಜಾಗ ಕೊಡಿ, ಅಲ್ಲಿ ಸಿಗೋ ಸಾಮಾನಲ್ಲಿ ನಮ್ಮ ಅಡುಗೆ ಹೆಂಗೆ ಮಾಡೋದು ಅಂತ, ಬರೆದುಕೊಡೋಕೆ ಇಲ್ಲಿ ನನ್ನಂಥೋರು ಬೇಕಾದಷ್ಟು ಜನ ಇದೀವಿ.

ಇಂತಿ,
ಮಂಡ್ಯ ಕಡೆಯ ಹೆಣ್ಣುಮಗಳು, ಮಿನಿಯಾಪೊಲಿಸ್