ಪಿ-7 ಅವರಿಗೆ, ಮತ್ತೆ ಉಳಿದ ಎಲ್ಲರಿಗೂ

ಕಳೆದ ವಾರ ವೈವಾ ಮುಗಿಯಿತು. ಇನ್ಫರ್ಮೇಶನ್ ಸಿಸ್ಟಮ್ಸ್‌ನಲ್ಲಿ ನನ್ನ ಮಾಸ್ಟರ್ಸ್ ಡಿಗ್ರಿ ಕೊನೆಗೂ ಪೂರ್ತಿಯಾಯಿತು. ಎರಡು ವರ್ಷದ ಕೋರ್ಸಿಗೆ ನನಗೆ ಹಿಡಿದದ್ದು ಮೂರು ವರ್ಷ. ಕೆಲಸ ಮಾಡಿಕೊಂಡೇ ಓದುತ್ತಿದ್ದೆ. ನಡುವೆ ಅಮ್ಮನಿಗೆ ಹುಷಾರಿಲ್ಲದೆ ಎರಡು ಸೆಮಿಸ್ಟರ್ ಬಿಡಬೇಕಾಯಿತು. ಥೀಸಿಸ್‌ನಲ್ಲಿ ಥ್ಯಾಂಕ್ಸ್ ಹೇಳೋಕೆ ಇದ್ದದ್ದು ಒಂದೇ ಪುಟ. ಅಲ್ಲಿ ಹಿಡಿಸದೆ ಉಳಿದದ್ದೇ ಜಾಸ್ತಿ. ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕ್ಲಾಸಿನವರಿಗೆ. ನಾನು ಡಿಗ್ರಿ ಓದಿದ್ದು ಕಾಮರ್ಸ್. ಡೇಟಾಬೇಸ್ ಕ್ಲಾಸಿನಲ್ಲಿ ಮೊದಲ ತಿಂಗಳು ಏನೂ ತಲೆಗೆ ಹೋಗಲಿಲ್ಲ. ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಮಾಡೆಲ್, ಅಂದರೆ ಮಾಹಿತಿಯನ್ನು ಟೇಬಲ್ಲುಗಳಲ್ಲಿ ಇಡುವ ಕ್ರಮ, ಕೊಟ್ಟರು ಅನ್ನೋದು ಬಾಯಿಪಾಠ ಆಗಿತ್ತು. ಆದರೆ ಚೆನ್ನಾಗಿರೋ ಒಂದು ಟೇಬಲ್ಲನ್ನು ಮೂರು ಟೇಬಲ್ಲಾಗಿ ಯಾಕೆ ಒಡೆಯಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ನನಗಿಂತ ಎಷ್ಟೋ ಚಿಕ್ಕವನಾದ ಒಬ್ಬ ಹುಡುಗ ಪಕ್ಕದಲ್ಲಿ ಬಂದು ಕೂತ. ಹಳೇ ಹಾಳೆಯ ಹಿಂಬದಿಯಲ್ಲಿ ನಾಲ್ಕು ಕಾಲಮ್ ಎಳೆದ. ವಿದ್ಯಾರ್ಥಿ, ವಿಷಯ, ಮೇಷ್ಟ್ರು, ಮೇಷ್ಟ್ರ ಫೋನ್ ನಂಬರ್.

"ಅಕ್ಕ, ಈ ಮೇಷ್ಟ್ರು ನಂಬರ್ ಬದಲಾಯಿಸಿದ್ರು ಅಂದ್ಕೊಳ್ಳಿ. ಎಷ್ಟು ಕಡೆ ತಿದ್ದಬೇಕು?"

ಅರವತ್ತು ಮಕ್ಕಳಿದ್ದರೆ ಅರವತ್ತು ಕಡೆ ಅಂದೆ. "ಅದ್ರಲ್ಲಿ ಒಂದು ಮರೆತುಹೋದ್ರೆ?" ಅಂತ ಕೇಳಿ ಸುಮ್ಮನಾದ. ಹೀಗೆ ಟೇಬಲ್ಲನ್ನು ಒಡೆಯೋದಕ್ಕೆ ನಾರ್ಮಲೈಸೇಶನ್ ಅಂತಾರೆ, ಅದು ನನಗೆ ಅರ್ಥವಾಗಿದ್ದು ಆ ಕ್ಷಣದಲ್ಲಿ. ಫೋನ್ ನಂಬರ್ ಮೇಷ್ಟ್ರಿಗೆ ಸೇರಿದ್ದು, ಅದು ಮೇಷ್ಟ್ರ ಟೇಬಲ್ಲಿನಲ್ಲಿ ಒಂದೇ ಒಂದು ಸಲ ಇರಬೇಕು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ತಮ್ಮಾ, ನೀನು ಹೇಳಿಕೊಡದೆ ಇದ್ದಿದ್ದರೆ ಮೊದಲ ಸೆಮಿಸ್ಟರಿಗೇ ನಾನು ಕೋರ್ಸ್ ಬಿಡುತ್ತಿದ್ದೆ.

ಎರಡನೆಯವರು ನನ್ನ ಗೈಡ್ ಮೇಡಂ. ಹೊಸ ಸಾಫ್ಟ್‌ವೇರ್ ಬಂದ ಮೇಲೂ ಜನ ಹಳೇ ಪುಸ್ತಕದಲ್ಲೇ ಯಾಕೆ ಬರೆದಿಡ್ತಾರೆ ಅನ್ನೋದು ನನ್ನ ಥೀಸಿಸ್‌ನ ಪ್ರಶ್ನೆ. ಕೆಲಸದ ಜಾಗದಲ್ಲಿ ವರ್ಷಗಟ್ಟಲೆ ಕಣ್ಣಾರೆ ನೋಡಿದ್ದು ಅದನ್ನೇ. ಫ್ರೆಡ್ ಡೇವಿಸ್ 1989ರಲ್ಲಿ ಇದಕ್ಕೊಂದು ಮಾಡೆಲ್ ಕೊಟ್ಟಿದ್ದಾರೆ. ಜನ ಒಂದು ಸಿಸ್ಟಮ್ಮನ್ನು ಒಪ್ಪೋದು ಬಿಡೋದು ಮುಖ್ಯವಾಗಿ ಎರಡು ಅನಿಸಿಕೆಯ ಮೇಲೆ ನಿಂತಿದೆ ಅನ್ನುತ್ತದೆ ಅದು. ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆಯಾ, ಬಳಸೋದು ಸುಲಭವಾ. ಅದನ್ನೇ ಹಿಡಿದು ಪ್ರಶ್ನೆಗಳನ್ನು ಬರೆದೆ. 1ರಿಂದ 5ರವರೆಗೆ ಗುರುತು ಹಾಕಬೇಕು. 5 ಅಂದರೆ ಪೂರ್ತಿ ಒಪ್ಪಿಗೆ.

ಉತ್ತರಗಳೆಲ್ಲ ಬಂದ ಮೇಲೆ ಕ್ರಾನ್‌ಬಾಕ್ ಆಲ್ಫಾ ಲೆಕ್ಕ ಹಾಕಿದೆ. ಒಂದೇ ವಿಷಯದ ಮೇಲೆ ಕೇಳಿದ ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವಾ ಅಂತ ಹೇಳುವ ಅಂಕಿ ಅದು. ಸಾಮಾನ್ಯವಾಗಿ 0.7 ಆದರೂ ಇರಬೇಕು ಅಂತಾರೆ. ನನಗೆ ಬಂದಿದ್ದು 0.46. ಆ ರಾತ್ರಿ ನಿದ್ದೆ ಬರಲಿಲ್ಲ. ಆರು ತಿಂಗಳ ಕೆಲಸ ನೀರಲ್ಲಿ ಹೋಯಿತು ಅಂದುಕೊಂಡೆ.

ಬೆಳಿಗ್ಗೆ ಮೇಡಂ ಅಂಕಿಯನ್ನು ನೋಡಲೇ ಇಲ್ಲ. ಪ್ರಶ್ನೆಗಳ ಹಾಳೆ ಕೊಡಿ ಅಂದರು. ಒಂದೊಂದೇ ಓದುತ್ತಾ ಹೋಗಿ ನಾಲ್ಕನೇ ಪ್ರಶ್ನೆಯ ಮೇಲೆ ಬೆರಳಿಟ್ಟರು. "ಈ ಸಿಸ್ಟಮ್‌ನಿಂದ ನನ್ನ ಕೆಲಸ ತಡವಾಗುತ್ತದೆ" ಅಂತಿತ್ತು. "ಇದನ್ನ ತಿರುಗಿಸಿದ್ದೀರಾ?" ಅಂತ ಕೇಳಿದರು. ಮಿಕ್ಕ ಪ್ರಶ್ನೆಗಳೆಲ್ಲ ಸಿಸ್ಟಮ್‌ನ ಒಳ್ಳೆಯದನ್ನು ಕೇಳುತ್ತವೆ, ಇದೊಂದು ಕೆಟ್ಟದ್ದನ್ನು ಕೇಳುತ್ತದೆ. ಹಾಗಾಗಿ ಲೆಕ್ಕಕ್ಕೆ ಮುಂಚೆ ಇಲ್ಲಿ 5 ಇದ್ದದ್ದನ್ನು 1 ಮಾಡಬೇಕು, 4 ಇದ್ದದ್ದನ್ನು 2 ಮಾಡಬೇಕು. ನಾನು ಮಾಡಿರಲಿಲ್ಲ. ತಿರುಗಿಸಿ ಲೆಕ್ಕ ಹಾಕಿದರೆ 0.79 ಬಂತು. ಕಣ್ಣಲ್ಲಿ ನೀರು ಬಂತು ನನಗೆ. ಮೇಡಂ ಒಂದು ಮಾತು ಬೈಯಲಿಲ್ಲ. "ಅಂಕಿ ಸರಿಹೋಯಿತು, ಅಲ್ವಾ? ಈಗ ಹೋಗಿ ಜನರ ಜೊತೆ ಕೂತು ಮಾತಾಡಿ. ಯಾಕೆ ತಡವಾಗುತ್ತೆ ಅಂತ ಅವರ ಬಾಯಲ್ಲೇ ಕೇಳ್ಕೊಂಡು ಬನ್ನಿ" ಅಂದರು. ಮೇಡಂ, ಆ ಮಾತು ನೀವು ಹೇಳದೆ ಇದ್ದಿದ್ದರೆ ನನ್ನ ಥೀಸಿಸ್‌ನಲ್ಲಿ ಬರೀ ಅಂಕಿಗಳೇ ಇರುತ್ತಿದ್ದವು.

ಮನೆಯವರ ಬಗ್ಗೆ ಜಾಸ್ತಿ ಬರೆದರೆ ಅವರಿಗೆ ಇಷ್ಟ ಆಗೋದಿಲ್ಲ. ಮೂರು ವರ್ಷ ಭಾನುವಾರಗಳನ್ನೆಲ್ಲ ನನಗೆ ಬಿಟ್ಟುಕೊಟ್ಟರು. ಮಗಳು ತನ್ನ ಪರೀಕ್ಷೆಗೆ ಓದುವಾಗ ನನ್ನನ್ನೂ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಅಮ್ಮ ಸ್ವಲ್ಪ ಚೇತರಿಸಿಕೊಂಡ ತಕ್ಷಣ ಕೇಳಿದ ಮೊದಲ ಮಾತು, "ಮತ್ತೆ ಕ್ಲಾಸಿಗೆ ಯಾವಾಗ ಹೋಗ್ತೀಯಾ?" ಸಂಜೆ ಕ್ಲಾಸಿದ್ದ ದಿನ ನನ್ನ ಕೆಲಸವನ್ನು ಮೇಲೆ ಹಾಕಿಕೊಂಡ ಇಬ್ಬರು ಸಹೋದ್ಯೋಗಿಗಳನ್ನೂ ನಾನು ಮರೆಯೋದಿಲ್ಲ.

ಇನ್ನು ಪಿ-7.

ಮಾತಾಡೋಕೆ ಒಪ್ಪಿದವರು ಒಂಬತ್ತು ಜನ. ಹೆಸರು ಎಲ್ಲೂ ಬರೆಯೋದಿಲ್ಲ ಅಂತ ಎಲ್ಲರಿಗೂ ಬರೆದುಕೊಟ್ಟಿದ್ದೆ. ಅದಕ್ಕೇ ಥೀಸಿಸ್‌ನಲ್ಲಿ ಅವರು ಬರೀ ಪಿ-1, ಪಿ-2. ನಾನು ಅತಿ ಹೆಚ್ಚು ಋಣಿಯಾಗಿರುವುದು ಏಳನೆಯವರಿಗೆ, ಅವರ ಹೆಸರನ್ನೇ ಹೇಳುವ ಹಾಗಿಲ್ಲ. ಸ್ಟೋರ್ಸ್ ನೋಡಿಕೊಳ್ಳುವವರು ಅನ್ನೋದಷ್ಟೇ ಸಾಕು.

ಮೊದಲ ಅರ್ಧ ಗಂಟೆ ಅವರು ಸಾಫ್ಟ್‌ವೇರ್ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದರು. ಆಮೇಲೆ ಅದೇನನ್ನಿಸಿತೋ, ಡ್ರಾಯರ್ ಎಳೆದು ಒಂದು ದಪ್ಪ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಒಂದು ಆರ್ಡರ್‌ಗೆ ಒಂದು ಪುಟ. ಸ್ಕೇಲ್ ಇಟ್ಟು ಎಳೆದ ಗೆರೆಗಳು. ಯಾವತ್ತು ಎಷ್ಟು ಸರಕು ಬಂತು, ಯಾರು ಎಣಿಸಿದರು, ಇನ್ನೆಷ್ಟು ಬಾಕಿ. ಬಾಕಿ ಮಾತ್ರ ಕೆಂಪು ಇಂಕಿನಲ್ಲಿ.

"ಕಂಪ್ಯೂಟರಲ್ಲಿ ಸರಕು ಬಂದ ತಾರೀಕಿಗೆ ಒಂದೇ ಜಾಗ ಇದೆ. ನಮಗೆ ಒಂದು ಆರ್ಡರ್ ಮೂರು ಸಲ ಬರುತ್ತೆ. ಹೊಸ ತಾರೀಕು ಹಾಕಿದ್ರೆ ಹಳೇದು ಹೋಗುತ್ತೆ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಏನು ತೋರಿಸಲಿ?" ಅಂದರು.

ನನಗೆ ಮೈ ಜುಮ್ಮೆಂದಿತು. ಒಂದು ಆರ್ಡರ್, ಅದಕ್ಕೆ ಹಲವು ಸಲ ಬರುವ ಸರಕು. ಯಾವ ಮಾಹಿತಿಗೆ ಯಾವುದು ಸಂಬಂಧ ಅಂತ ತೋರಿಸೋಕೆ ಪೀಟರ್ ಚೆನ್ 1976ರಲ್ಲಿ ಕೊಟ್ಟ ಎಂಟಿಟಿ-ರಿಲೇಶನ್‌ಶಿಪ್ ಚಿತ್ರಗಳಲ್ಲಿ ನಾವು ಪದೇ ಪದೇ ಬರೆಯುವ ಸಂಬಂಧ ಅದು. ಸಾಫ್ಟ್‌ವೇರ್ ಮಾಡಿದವರಿಗೆ ಬಿಟ್ಟುಹೋದದ್ದನ್ನು ಇವರು ಸ್ಕೇಲ್ ಹಿಡಿದು ಸರಿಮಾಡಿಕೊಂಡಿದ್ದರು. ನಾನು ಹೋಗುವಾಗಲೇ ಒಂದು ಅಧ್ಯಾಯಕ್ಕೆ "ಬದಲಾವಣೆಗೆ ವಿರೋಧ" ಅಂತ ಹೆಸರಿಟ್ಟುಕೊಂಡು ಹೋಗಿದ್ದೆ. ಮನೆಗೆ ಬಂದು ಆ ಹೆಸರು ಹೊಡೆದುಹಾಕಿದೆ. ಲೆಕ್ಕ ತಪ್ಪಬಾರದು ಅಂತ ದಿನಕ್ಕೆ ಎರಡು ಸಲ ಬರೆಯುವವರನ್ನು ವಿರೋಧಿಗಳು ಅನ್ನೋದು ಅನ್ಯಾಯ. ಹಾಗೆ ಕರೆಯುವ ವರದಿಗಳನ್ನು ನೋಡಿದರೆ ಈಗ ನನಗೆ ಸಿಟ್ಟು ಬರುತ್ತದೆ.

ಆ ಅಧ್ಯಾಯವನ್ನು ಸಲ್ಲಿಸುವ ಮುಂಚೆ ಅವರಿಗೇ ಓದೋಕೆ ಕೊಟ್ಟೆ. ನೋಟ್‌ಬುಕ್ಕಿನ ಒಂದು ಪುಟ ಹೇಗಿತ್ತು ಅಂತ ಚಿತ್ರವನ್ನೂ ಬರೆದಿದ್ದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ನಾನು ಹೇಳಿದ ಹಾಗೇ ಬರೆದಿದ್ದೀರಿ. ಆದ್ರೆ ಒಂದು ತಪ್ಪಿದೆ. ಬಾಕಿ ಕಾಲಮ್ ನಡುವೆ ಅಲ್ಲ, ಬಲಗಡೆ ಕೊನೇಲಿ ಬರಬೇಕು."

ತಿದ್ದಿದ್ದೇನೆ, ಪಿ-7. ಈಗ ಬಲಗಡೆ ಕೊನೆಯಲ್ಲೇ ಇದೆ, ಕೆಂಪು ಬಣ್ಣದಲ್ಲಿ. ನಿಮಗೆ ನನ್ನ ನಮಸ್ಕಾರ.